ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿ ಸರಸ್ವತಿ (23 ಏಪ್ರಿಲ್ 1858 – 5 ಏಪ್ರಿಲ್ 1922) ಅವರು ಸಂಸ್ಕೃತ ವಿದುಷಿ, ಸ್ತ್ರೀಶಿಕ್ಷಣದ ಪ್ರತಿಪಾದಕಿ, ಸಮಾಜ ಸುಧಾರಕಿ, ಲೇಖಕಿ ಹಾಗೂ ಬೈಬಲ್ಲಿನ ಮರಾಠಿ ಅನುವಾದಕಿ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ವೈದಿಕ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ಇವರು 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಧರ್ಮವನ್ನು ಸ್ವೀಕರಿಸಿದರು. ವಿಧವೆಯರಿಗಾಗಿ ಶಾರದಾ ಸದನವನ್ನೂ, ಕ್ಷಾಮಪೀಡಿತ ಹೆಣ್ಣುಮಕ್ಕಳಿಗಾಗಿ ಪುಣೆಯ ಸಮೀಪದ ಕೇಡಗಾಂವದಲ್ಲಿ ಮುಕ್ತಿ ಸದನವನ್ನೂ ಸ್ಥಾಪಿಸಿದರು. ತಂದೆ, ತಾಯಿ, ಅಕ್ಕ, ಅಣ್ಣ, ಪತಿ ಮತ್ತು ಏಕೈಕ ಪುತ್ರಿ ಇವರೆಲ್ಲರ ಮರಣವನ್ನು ಕಂಡ ಅವರ ಬದುಕಿನಲ್ಲಿ ದೇವರ ಮೇಲಣ ಭರವಸೆ ಎಂಬುದು ಒಮ್ಮೆ ಕಳೆದುಹೋಗಿ, ಬಹುಕಾಲದ ವಾದ ಮತ್ತು ಸಂಶಯಗಳ ನಂತರ ಮತ್ತೆ ದೊರೆತದ್ದು. ಹುಟ್ಟಿನಿಂದ ಬಂದ ಭಕ್ತಿಯ ಮುಂದುವರಿಕೆಯಾಗಿ ಅದನ್ನು ನೋಡುವುದು ಸರಿಯಾಗದು.

ಕುಟುಂಬದ ಹಿನ್ನೆಲೆ

ರಮಾಬಾಯಿಯವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದವರು, ಮನೆಮಾತು ಮರಾಠಿ. ಪುಣೆಯಲ್ಲಿ ರಾಮಚಂದ್ರ ಶಾಸ್ತ್ರಿಗಳ ಬಳಿ ವ್ಯಾಸಂಗ ಮಾಡುತ್ತಿದ್ದಾಗ, ಗುರುಗಳು ಪೇಶ್ವೆ ಎರಡನೆಯ ಬಾಜಿರಾಯನ ಪತ್ನಿಗೆ ಸಂಸ್ಕೃತ ಕಲಿಸುತ್ತಿದ್ದುದನ್ನು ಕಂಡರು. ಹೆಂಗಸೊಬ್ಬಳು ಶುದ್ಧವಾಗಿ ಶ್ಲೋಕ ಪಠಿಸುವುದನ್ನು ಕೇಳಿದ ಆ ಯುವಕ ತನ್ನ ಹೆಂಡತಿಗೂ ಹೀಗೆಯೇ ಕಲಿಸಬೇಕೆಂದು ನಿಶ್ಚಯಿಸಿದರು. ಊರಿಗೆ ಮರಳಿದ ಮೇಲೆ ಮೊದಲ ಪತ್ನಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ, ಮನೆಯ ಹಿರಿಯರಿಗೆ ಒಪ್ಪಿಗೆ ಇರಲಿಲ್ಲ. ಆಕೆ ತೀರಿಕೊಂಡ ನಂತರ, ತೀರ್ಥಯಾತ್ರೆಯ ಹಾದಿಯಲ್ಲಿ ಪರಿಚಯವಾದ ಬ್ರಾಹ್ಮಣರೊಬ್ಬರ ಒಂಬತ್ತು ವರ್ಷದ ಮಗಳು ಲಕ್ಷ್ಮೀಬಾಯಿಯನ್ನು ಮದುವೆಯಾಗಿ ಆಕೆಗೆ ಸಂಸ್ಕೃತ ಕಲಿಸತೊಡಗಿದರು. ಇದು ಧರ್ಮವಿರುದ್ಧವೆಂಬ ಆಕ್ಷೇಪ ಎದ್ದಾಗ ಉಡುಪಿಯಲ್ಲಿ ವಿದ್ವಾಂಸರ ಮುಂದೆ ಶಾಸ್ತ್ರಾಧಾರಗಳೊಡನೆ ತಮ್ಮ ನಿಲುವನ್ನು ಸಮರ್ಥಿಸಿಕೊಳ್ಳಬೇಕಾಯಿತು.

ಬಳಿಕ ಅವರು ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿ ಶಿಷ್ಯರನ್ನು ಇರಿಸಿಕೊಂಡು ಪಾಠ ಹೇಳುತ್ತಿದ್ದರು. ರಮಾಬಾಯಿ ಹುಟ್ಟಿದ್ದು ಅಲ್ಲಿ. ಯಾತ್ರಿಕರ ಮತ್ತು ಶಿಷ್ಯರ ಸತ್ಕಾರದಿಂದ ಆಸ್ತಿ ಕರಗಿ, ಮಗುವಿಗೆ ಆರು ತಿಂಗಳಾಗಿದ್ದಾಗ ಕುಟುಂಬ ಆ ಸ್ಥಳವನ್ನು ಬಿಟ್ಟು ಹೊರಟಿತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳೊಬ್ಬನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಲಾಯಿತು. ಅಲ್ಲಿಂದ ಮುಂದಿನ ವರ್ಷಗಳೆಲ್ಲ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆದಾಟ. ದೇವಾಲಯಗಳ ಆವರಣದಲ್ಲಿಯೂ ನದಿಯ ಘಟ್ಟಗಳಲ್ಲಿಯೂ ಪುರಾಣ ಪ್ರವಚನ ಮಾಡುವುದು, ಕೇಳುಗರು ಅರ್ಪಿಸಿದ ಹಣ ಮತ್ತು ಧಾನ್ಯದಲ್ಲಿ ಬದುಕುವುದು, ಉಳಿದದ್ದನ್ನು ದಾನ ಮಾಡುವುದು ಕುಟುಂಬದ ಕ್ರಮವಾಗಿತ್ತು. ತಂದೆಗೆ ವಯಸ್ಸಾಗಿದ್ದುದರಿಂದ ರಮಾಬಾಯಿಗೆ ಪಾಠ ಹೇಳಿದ್ದು ತಾಯಿ. ಬೆಳಗಿನ ಜಾವ ಮಗಳನ್ನು ಎಬ್ಬಿಸಿ ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಆಕೆಗೆ ಕಂಠಸ್ಥವಾದವು.

ಕ್ಷಾಮ

1870ರ ದಶಕದ ಮಧ್ಯಭಾಗದಲ್ಲಿ ದಕ್ಷಿಣ ಭಾರತವನ್ನು ಕಾಡಿದ ಬರಗಾಲದಲ್ಲಿ ಈ ಬದುಕು ಕುಸಿಯಿತು. ಪ್ರವಚನ ಕೇಳುವವರಿಗೇ ಅನ್ನವಿಲ್ಲದಾಗ ಪೌರಾಣಿಕನಿಗೆ ಕೊಡುವವರಾರು. ಕೂಲಿ ಮಾಡಿ ಅಭ್ಯಾಸವಿರಲಿಲ್ಲ, ಭಿಕ್ಷೆ ಬೇಡಲು ಅಭಿಮಾನ ಬಿಡಲಿಲ್ಲ. ಒಡವೆ, ಪಾತ್ರೆ, ಬಟ್ಟೆಗಳು ಒಂದೊಂದಾಗಿ ಮಾರಾಟವಾದವು. ಕೈಯಲ್ಲಿದ್ದ ಹಣವನ್ನೂ ದೇವತಾರಾಧನೆಗೆ ಮತ್ತು ಬ್ರಾಹ್ಮಣರಿಗೆ ಕೊಟ್ಟರು. ಶಾಸ್ತ್ರೋಕ್ತವಾಗಿ ಪೂಜೆ, ಉಪವಾಸ, ಪ್ರದಕ್ಷಿಣೆ, ನಾಮಜಪಗಳನ್ನು ನಡೆಸಿದರೆ ದೇವರು ಕೈಬಿಡುವುದಿಲ್ಲ ಎಂಬುದು ಅವರ ಅಚಲ ನಂಬಿಕೆಯಾಗಿತ್ತು. ಕೊನೆಗೆ ತಿರುಪತಿಯ ಕಡೆಯ ಕಾಡಿನಲ್ಲಿ ಹನ್ನೊಂದು ದಿನ ಎಲೆ, ನೀರು ಮತ್ತು ಕಾಡು ಈಚಲ ಹಣ್ಣಿನಲ್ಲಿ ಕಳೆದರು.

ಎಲ್ಲರೂ ಪುಣ್ಯತೀರ್ಥವೊಂದರಲ್ಲಿ ಮುಳುಗಿ ಪ್ರಾಣ ಬಿಡುವುದೆಂದು ನಿರ್ಧಾರವಾಯಿತು. ಮೊದಲು ತಂದೆ ಹೋಗುವುದೆಂದು ಗೊತ್ತಾಗಿ, ಅವರು ಮಕ್ಕಳಿಂದ ಒಬ್ಬೊಬ್ಬರಾಗಿ ಬೀಳ್ಕೊಂಡರು. ಕಿರಿಯ ಮಗಳನ್ನು ಅಪ್ಪಿಕೊಂಡು, ತಾನು ಆಕೆಯನ್ನು ದೇವರ ಕೈಗೆ ಒಪ್ಪಿಸಿರುವುದಾಗಿಯೂ ಆಕೆ ಅವನಿಗೇ ಸೇರಿದವಳಾಗಿ ಮಾನವಾಗಿ ಬಾಳಬೇಕೆಂದೂ ತಿಳಿಸಿದರು. ಕ್ರೈಸ್ತಳಾದ ಅನೇಕ ವರ್ಷಗಳ ನಂತರ ಆತ್ಮಕಥನವನ್ನು ಬರೆಯುವಾಗಲೂ ರಮಾಬಾಯಿ ಈ ಮಾತನ್ನು ಮರೆಯಲಿಲ್ಲ. ಅಷ್ಟರಲ್ಲಿ ಅಣ್ಣ ಶ್ರೀನಿವಾಸ ಜಾತಿಯ ಅಭಿಮಾನ ಬದಿಗಿಟ್ಟು ಕೂಲಿ ಮಾಡಿ ಸಾಕುವುದಾಗಿ ಮುಂದೆ ಬಂದುದರಿಂದ ಜಲಸಮಾಧಿಯ ಯೋಚನೆ ಕೈಬಿಟ್ಟಿತು. ಆದರೆ ತಂದೆ ಬಹಳ ದಿನ ಉಳಿಯಲಿಲ್ಲ, 1874ರಲ್ಲಿ ತೀರಿಕೊಂಡರು.

ಕೆಲವೇ ತಿಂಗಳುಗಳಲ್ಲಿ ತಾಯಿಯೂ ರಾಯಚೂರಿನಲ್ಲಿ ಜ್ವರ ಮತ್ತು ಹಸಿವೆಯಿಂದ ಮರಣಹೊಂದಿದರು. ಸಾಯುತ್ತಿದ್ದ ತಾಯಿಗಾಗಿ ರಮಾಬಾಯಿ ನೆರೆಮನೆಯಲ್ಲಿ ಸಜ್ಜೆ ರೊಟ್ಟಿಯ ತುಣುಕೊಂದನ್ನು ಬೇಡಿ ತಂದರು. ನಾಚಿಕೆಯಿಂದ ಮಾತು ಹೊರಡದಿದ್ದರೂ ಆ ಮನೆಯಾಕೆ ಅರ್ಥಮಾಡಿಕೊಂಡು ಕೊಟ್ಟಳು. ತಾಯಿಗೆ ಅದನ್ನು ತಿನ್ನುವ ಶಕ್ತಿ ಇರಲಿಲ್ಲ. ಶವ ಹೊರಲು ಜನ ಸಿಗದೆ, ಇಬ್ಬರು ಬ್ರಾಹ್ಮಣರು ಕನಿಕರದಿಂದ ಬಂದಾಗ ನಾಲ್ಕನೆಯ ಹೆಗಲು ರಮಾಬಾಯಿಯದೇ ಆಯಿತು. ಎತ್ತರ ಸಾಲದ ಕಾರಣ ಆಕೆ ಚಟ್ಟವನ್ನು ತಲೆಯ ಮೇಲೆ ಹೊತ್ತರು. ಅಕ್ಕ ಕೃಷ್ಣಾಬಾಯಿಯೂ ಅದೇ ಅವಧಿಯಲ್ಲಿ ತೀರಿಕೊಂಡರು.

ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲಿ ಉತ್ತರಕ್ಕೆ ಹೊರಟರು. ಪಂಜಾಬಿನಲ್ಲಿ ಝೇಲಂ ನದಿಯ ದಂಡೆಯ ಮೇಲೆ ಚಳಿ ತಡೆಯಲಾಗದೆ ಮರಳಿನಲ್ಲಿ ಗುಂಡಿ ತೋಡಿ, ತಲೆಯೊಂದನ್ನು ಹೊರಗಿಟ್ಟು ಮೈಮೇಲೆ ಒಣ ಮರಳು ಮುಚ್ಚಿಕೊಂಡು ರಾತ್ರಿ ಕಳೆದದ್ದುಂಟು. ಹೇಳಿದ ವ್ರತಗಳನ್ನೆಲ್ಲ ಮಾಡಿಯೂ ಹೇಳಿದ ಫಲ ಬಾರದ್ದನ್ನು ಕಂಡು ಇಬ್ಬರಿಗೂ ತಂದೆತಾಯಿಯರ ನಂಬಿಕೆಯಲ್ಲಿ ವಿಶ್ವಾಸ ಉಳಿಯಲಿಲ್ಲ. ಜಾತಿನಿಯಮಗಳನ್ನು ಪಾಲಿಸುತ್ತಿದ್ದರು, ಒಳಗೆ ಏನೂ ಇರಲಿಲ್ಲ. ಈ ಬರಿದುತನದ ಅವಧಿಯನ್ನು ಅವರ ಜೀವನಚರಿತ್ರೆಕಾರರು ಸಾಮಾನ್ಯವಾಗಿ ಬೇಗ ದಾಟಿಹೋಗುತ್ತಾರೆ. ಮುಂದಿನದೆಲ್ಲವೂ ಅರ್ಥವಾಗುವುದು ಇದರಿಂದಲೇ.

ಕಲ್ಕತ್ತ, ವಿವಾಹ, ವೈಧವ್ಯ

1878ರಲ್ಲಿ ಇಬ್ಬರೂ ಕಲ್ಕತ್ತ ತಲುಪಿದರು. ಇಪ್ಪತ್ತು ವರ್ಷದ ಅವಿವಾಹಿತ ಹುಡುಗಿಯ ಸಂಸ್ಕೃತ ಪಾಂಡಿತ್ಯ ಅಲ್ಲಿಯ ವಿದ್ವಾಂಸರನ್ನು ಬೆರಗುಗೊಳಿಸಿತು. ಪರೀಕ್ಷಿಸಿದ ನಂತರ ಅವರಿಗೆ ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನು ನೀಡಿದರು. ಕ್ರೈಸ್ತರ ಕೂಟವೊಂದಕ್ಕೆ ಮೊದಲ ಬಾರಿಗೆ ಹೋದದ್ದೂ ಆ ದಿನಗಳಲ್ಲಿಯೇ. ಜನರು ಕುರ್ಚಿಗಳ ಮುಂದೆ ಮೊಣಕಾಲೂರಿದ್ದನ್ನು ಕಂಡು ಅವರು ಕುರ್ಚಿಗಳನ್ನೇ ಪೂಜಿಸುತ್ತಿದ್ದಾರೆಂದು ಅಣ್ಣ ತಂಗಿ ಭಾವಿಸಿದರು. ಅಲ್ಲಿ ದೊರೆತ ಸಂಸ್ಕೃತ ಬೈಬಲ್ಲಿನ ಭಾಷೆ ಅವರಿಗೆ ರುಚಿಸಲಿಲ್ಲ.

ಬ್ರಾಹ್ಮಸಮಾಜದ ಕೇಶವಚಂದ್ರ ಸೇನರು ವೇದಗಳನ್ನು ಓದಿದ್ದೀರಾ ಎಂದು ವಿಚಾರಿಸಿ, ಸ್ತ್ರೀಯರಿಗೆ ಅಧಿಕಾರವಿಲ್ಲವೆಂಬ ಉತ್ತರ ಬಂದಾಗ ವೇದದ ಪ್ರತಿಯೊಂದನ್ನು ಕೈಗಿತ್ತರು. ಅಂತಃಪುರದ ಸ್ತ್ರೀಯರಿಗೆ ಉಪನ್ಯಾಸ ನೀಡುವುದಕ್ಕಾಗಿ ಧರ್ಮಶಾಸ್ತ್ರಗಳನ್ನು ಓದಿದಾಗ, ಪರಸ್ಪರ ಭಿನ್ನಾಭಿಪ್ರಾಯವಿರುವ ಗ್ರಂಥಗಳೂ ಸ್ತ್ರೀಯರನ್ನು ಹೀನವಾಗಿ ಕಾಣುವುದರಲ್ಲಿ ಮಾತ್ರ ಒಮ್ಮತ ಹೊಂದಿವೆಯೆಂದು ಅವರಿಗೆ ತೋರಿತು. ಮನಸ್ಸು ನಿರಾಕಾರ ಏಕದೇವೋಪಾಸನೆಯ ಕಡೆಗೆ ವಾಲಿತು.

1880ರ ಮೇ ತಿಂಗಳಲ್ಲಿ ಶ್ರೀನಿವಾಸ ಢಾಕಾದಲ್ಲಿ ತೀರಿಕೊಂಡರು. ಮುಂದಿನ ತಿಂಗಳು ರಮಾಬಾಯಿ ಅಣ್ಣನ ಸ್ನೇಹಿತರೂ ವಕೀಲರೂ ಆದ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ನೋಂದಣಿ ವಿವಾಹವಾದರು. ಅವರು ಬಂಗಾಳಿ, ಜಾತಿಯಿಂದ ಬ್ರಾಹ್ಮಣೇತರರು. ಇಬ್ಬರ ಕಡೆಯವರೂ ಈ ವಿವಾಹವನ್ನು ಒಪ್ಪಲಿಲ್ಲ. ದಂಪತಿಗಳು ಅಸ್ಸಾಮಿನ ಸಿಲ್ಚಾರಿನಲ್ಲಿ ನೆಲೆಸಿದರು. 1881ರ ಏಪ್ರಿಲ್‌ನಲ್ಲಿ ಮನೋರಮಾ ಹುಟ್ಟಿದಳು. ಗಂಡನ ಪುಸ್ತಕಗಳ ನಡುವೆ ರಮಾಬಾಯಿಗೆ ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯೊಂದು ಸಿಕ್ಕಿತು. ಬ್ಯಾಪ್ಟಿಸ್ಟ್ ಮಿಷನರಿಯೊಬ್ಬರು ಮನೆಗೆ ಬಂದು ಆದಿಕಾಂಡವನ್ನು ವಿವರಿಸಿದರು. ಹೆಂಡತಿಯ ಈ ಆಸಕ್ತಿ ಬಿಪಿನ್ ಬಿಹಾರಿಯವರಿಗೆ ಹಿಡಿಸದೆ, ಮಿಷನರಿಯ ಭೇಟಿ ನಿಂತಿತು. 1882ರ ಫೆಬ್ರವರಿಯಲ್ಲಿ ಕಾಲರಾ ತಗುಲಿ ಅವರು ತೀರಿಕೊಂಡರು. ಇಪ್ಪತ್ತಮೂರು ವರ್ಷದ ರಮಾಬಾಯಿಯ ಕೈಯಲ್ಲಿ ಹತ್ತು ತಿಂಗಳ ಮಗು ಉಳಿಯಿತು.

ಅವರು ಪುಣೆಗೆ ಬಂದು, ಮಹಾದೇವ ಗೋವಿಂದ ರಾನಡೆ ಮೊದಲಾದವರ ಬೆಂಬಲದಿಂದ ಅದೇ ವರ್ಷ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಧರ್ಮನೀತಿ ಎಂಬ ಮರಾಠಿ ಗ್ರಂಥ ಪ್ರಕಟವಾಯಿತು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳ ಶಾಲೆಗಳಿಗೆ ಸ್ತ್ರೀ ಶಿಕ್ಷಕಿಯರು ಮತ್ತು ಪರಿವೀಕ್ಷಕಿಯರು ಬೇಕು, ಭಾರತೀಯ ಸ್ತ್ರೀಯರಿಗೆ ವೈದ್ಯಶಿಕ್ಷಣ ದೊರೆಯಬೇಕು ಎಂದು ವಾದಿಸಿದರು. ಸ್ವತಃ ವೈದ್ಯೆಯಾಗುವ ಬಯಕೆಯಿಂದ, ಪುಸ್ತಕದ ಮಾರಾಟದಿಂದ ಬಂದ ಹಣದಲ್ಲಿ 1883ರ ಏಪ್ರಿಲ್‌ನಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಗೆಳತಿ ಆನಂದೀಬಾಯಿ ಭಗತ್ ಜೊತೆಗಿದ್ದರು.

ಇಂಗ್ಲೆಂಡ್: ದೀಕ್ಷಾಸ್ನಾನ ಮತ್ತು ವಾದ

ವಾಂಟೇಜ್ ಎಂಬ ಊರಿನಲ್ಲಿ ಆಂಗ್ಲಿಕನ್ ಸಭೆಗೆ ಸೇರಿದ ಸಂತ ಮೇರಿಯ ಸನ್ಯಾಸಿನಿಯರ ಮಠದಲ್ಲಿ ಅವರು ತಂಗಿದರು. ಭಾರತಕ್ಕೆ ಹೊರಡುವ ಸಿಸ್ಟರುಗಳಿಗೆ ಮರಾಠಿ ಕಲಿಸುವುದು, ಪ್ರತಿಯಾಗಿ ಇಂಗ್ಲಿಷ್ ಕಲಿಯುವುದು ಒಪ್ಪಂದ. ಶ್ರವಣದೋಷದಿಂದಾಗಿ ವೈದ್ಯಶಿಕ್ಷಣದ ಆಸೆ ಅಲ್ಲಿಗೇ ಮುಗಿಯಿತು. ಮತಾಂತರಗೊಳ್ಳುವ ಉದ್ದೇಶ ತಮಗಿಲ್ಲವೆಂದು ಹೊರಡುವ ಮುನ್ನ ಪುಣೆಯ ಹಿತೈಷಿಗಳಿಗೆ ಅವರು ಹೇಳಿದ್ದರು. ಆದರೆ ಲಂಡನ್ನಿನ ಫುಲ್ಹ್ಯಾಮ್‌ನಲ್ಲಿ ಸಿಸ್ಟರುಗಳು ಪತಿತೆಯರೆನಿಸಿಕೊಂಡ ಹೆಂಗಸರಿಗಾಗಿ ನಡೆಸುತ್ತಿದ್ದ ಆಶ್ರಯವನ್ನು ಕಂಡಾಗ ಅವರ ಮನಸ್ಸು ಕಲಕಿತು. ತಮ್ಮ ನಾಡಿನ ಶಾಸ್ತ್ರ ಕಠೋರ ದಂಡನೆ ವಿಧಿಸುವಂಥ ಸ್ತ್ರೀಯರನ್ನು ಇಲ್ಲಿ ಕನಿಕರದಿಂದ ಕಾಣುತ್ತಿದ್ದುದಕ್ಕೆ ಕಾರಣವೇನೆಂದು ಕೇಳಿದರು. ಉತ್ತರವಾಗಿ ಸಿಸ್ಟರೊಬ್ಬರು ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಬರುವ ಸಮಾರ್ಯದ ಸ್ತ್ರೀಯ ಪ್ರಸಂಗವನ್ನು ಓದಿ ಹೇಳಿದರು.

1883ರ ಸೆಪ್ಟೆಂಬರಿನಲ್ಲಿ ಆನಂದೀಬಾಯಿ ಭಗತ್ ಮತಾಂತರದ ಭಯದಿಂದ ತೀವ್ರ ಮಾನಸಿಕ ಕ್ಷೋಭೆಗೆ ಒಳಗಾಗಿ ಆತ್ಮಹತ್ಯೆ ಮಾಡಿಕೊಂಡರು. ಅದೇ ತಿಂಗಳ 29ರಂದು ರಮಾಬಾಯಿ ಮತ್ತು ಮನೋರಮಾ ದೀಕ್ಷಾಸ್ನಾನ ಪಡೆದರು. ಎರಡು ಘಟನೆಗಳ ನಡುವೆ ಇದ್ದದ್ದು ಕೆಲವೇ ದಿನಗಳ ಅಂತರ. ಈ ಸಾಮೀಪ್ಯ ಸಮಕಾಲೀನರನ್ನೂ ಇತಿಹಾಸಕಾರರನ್ನೂ ಕಾಡಿದೆ. ಭಾರತದ ಪತ್ರಿಕೆಗಳಲ್ಲಿ ಕಟುಟೀಕೆ ಕೇಳಿಬಂತು. ಜ್ಯೋತಿರಾವ್ ಫುಲೆಯವರು ಮಾತ್ರ ಅವರ ನಿರ್ಧಾರವನ್ನು ಬಹಿರಂಗವಾಗಿ ಸಮರ್ಥಿಸಿದರು.

ದೀಕ್ಷಾಸ್ನಾನದೊಂದಿಗೆ ಸಂಶಯಗಳು ಕೊನೆಗೊಳ್ಳಲಿಲ್ಲ. ಅವರ ಆತ್ಮಿಕ ಮಾರ್ಗದರ್ಶಕಿಯಾಗಿದ್ದ ಸಿಸ್ಟರ್ ಜೆರಾಲ್ಡೀನ್ ಅವರೊಡನೆ ನಡೆದ ಪತ್ರವ್ಯವಹಾರ ಇದಕ್ಕೆ ಸಾಕ್ಷಿ. ತ್ರಯೇಕತ್ವದ ತತ್ತ್ವ, ಬಿಷಪ್ಪರ ಅಧಿಕಾರ, ಸಭೆಯ ಸಂಪ್ರದಾಯಕ್ಕೂ ವ್ಯಕ್ತಿಯ ಆತ್ಮಸಾಕ್ಷಿಗೂ ಇರುವ ಸಂಬಂಧ ಎಲ್ಲವನ್ನೂ ಅವರು ಪ್ರಶ್ನಿಸಿದರು. ಒಂದು ಪಂಡಿತವರ್ಗದ ಆಧಿಪತ್ಯದಿಂದ ಬಿಡಿಸಿಕೊಂಡು ಬಂದವಳು ಇನ್ನೊಂದಕ್ಕೆ ತಲೆಬಾಗಲಾರೆ ಎಂಬುದು ಅವರ ನಿಲುವಿನ ಸಾರ. ಶಿಲುಬೆಯ ಮೇಲಿನ ಬರಹ ಲ್ಯಾಟಿನ್ನಿನ ಬದಲು ಸಂಸ್ಕೃತದಲ್ಲಿರಲೆಂದು ಬಯಸಿದರು. ಸಸ್ಯಾಹಾರವನ್ನು ಬಿಡಲಿಲ್ಲ, ಮೊಟ್ಟೆ ಬೆರೆತ ತಿನಿಸನ್ನೂ ಮುಟ್ಟಲಿಲ್ಲ. ಸಿಸ್ಟರಿಗೆ ಇದೆಲ್ಲ ಅಹಂಕಾರವಾಗಿ ಕಂಡಿತು. 1884ರಿಂದ ಡೊರೊಥಿಯಾ ಬೀಲ್ ಅವರ ನೇತೃತ್ವದ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ, ಗಣಿತ ಮತ್ತು ವಿಜ್ಞಾನಗಳನ್ನು ಅಭ್ಯಸಿಸಿದರು. ಅಲ್ಲಿ ತರುಣರಿಗೂ ಪಾಠ ಹೇಳುವ ಪ್ರಸ್ತಾಪ ಬಂದಾಗ ಬಿಷಪ್ಪರು ತಡೆದದ್ದು ಅವರನ್ನು ಬಹಳವಾಗಿ ನೋಯಿಸಿತು. ಬೀಲ್ ಅವರು ಈ ಶಿಷ್ಯೆಯ ಪ್ರಶ್ನೆಗಳನ್ನು ಸಿಸ್ಟರಿಗಿಂತ ಹೆಚ್ಚಿನ ತಾಳ್ಮೆಯಿಂದ ಕೇಳಿಸಿಕೊಂಡರು. ಈ ಪತ್ರಗಳು 1977ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಗಿವೆ.

ಅಮೆರಿಕ ಮತ್ತು ಶಾರದಾ ಸದನ

ದೂರದ ಸಂಬಂಧಿಯಾದ ಆನಂದೀಬಾಯಿ ಜೋಶಿಯವರು ವೈದ್ಯಪದವಿ ಸ್ವೀಕರಿಸುವ ಸಮಾರಂಭಕ್ಕಾಗಿ 1886ರಲ್ಲಿ ರಮಾಬಾಯಿ ಫಿಲಡೆಲ್ಫಿಯಾಕ್ಕೆ ಹೋದರು. ಅಲ್ಲಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಉಳಿದು ಉಪನ್ಯಾಸ ನೀಡಿದರು, ಶಿಶುವಿಹಾರ ಪದ್ಧತಿಯನ್ನು ಅಭ್ಯಸಿಸಿದರು. ಉಚ್ಚಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತು 1887ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥ ಅವರಿಗೆ ಅಂತರರಾಷ್ಟ್ರೀಯ ಖ್ಯಾತಿ ತಂದಿತು. ಅದೇ ವರ್ಷದ ಕೊನೆಗೆ ಬಾಸ್ಟನ್ನಿನಲ್ಲಿ ರಚನೆಯಾದ ರಮಾಬಾಯಿ ಅಸೋಸಿಯೇಷನ್, ವಿಧವೆಯರ ಶಾಲೆಯೊಂದಕ್ಕೆ ಹತ್ತು ವರ್ಷ ನೆರವು ನೀಡಲು ಒಪ್ಪಿತು. ಶಾಲೆಯಲ್ಲಿ ಮತಬೋಧನೆ ಇರಬಾರದೆಂಬುದು ನಿಯಮ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಪುನರ್ವಿವಾಹವಾಗಿ ಆನಂದೀಬಾಯಿ ಕರ್ವೆ ಎಂದು ಪ್ರಸಿದ್ಧರಾದರು. 1890ರಲ್ಲಿ ಸದನ ಪುಣೆಗೆ ಸ್ಥಳಾಂತರಗೊಂಡಿತು.

ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ, 1891ರ ಸುಮಾರಿಗೆ, ತಮ್ಮ ಬಳಿ ಕ್ರೈಸ್ತಧರ್ಮವಿದೆಯೇ ಹೊರತು ಕ್ರಿಸ್ತನಿಲ್ಲ ಎಂಬ ಅರಿವು ಅವರಿಗಾಯಿತು. ವಿಲಿಯಂ ಹ್ಯಾಸ್ಲಮ್ ಎಂಬ ಆಂಗ್ಲ ಪಾದ್ರಿಯ ಆತ್ಮಕಥೆ ಈ ತಿರುವಿಗೆ ನೆರವಾಯಿತು. ತಮ್ಮ ವಿದ್ಯೆ, ತರ್ಕ, ಸತ್ಕಾರ್ಯ ಯಾವುದನ್ನೂ ಆಧಾರವಾಗಿಸಿಕೊಳ್ಳದೆ ದೇವರ ಕೃಪೆಯನ್ನೇ ನೆಚ್ಚುವುದು ಎಂದು ಈ ಅನುಭವವನ್ನು ಅವರು ನಂತರ ವಿವರಿಸಿದ್ದಾರೆ. ಬಾಲ್ಯದಲ್ಲಿ ಕಂಡಿದ್ದ ಭಕ್ತಿಯಲ್ಲಿ ವ್ರತಕ್ಕೆ ಪ್ರತಿಯಾಗಿ ಫಲದ ನಿರೀಕ್ಷೆ ಇತ್ತು. ಈಗ ಕಂಡುಕೊಂಡದ್ದರಲ್ಲಿ ಆ ಲೆಕ್ಕವೇ ಇಲ್ಲವೆಂದು ಅವರಿಗೆ ಅನಿಸಿತು.

ಇದರ ಪರಿಣಾಮ ಸದನದ ಮೇಲೂ ಆಯಿತು. ರಮಾಬಾಯಿ ತಮ್ಮ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು. ಕೆಲವು ಹುಡುಗಿಯರು ತಾವಾಗಿಯೇ ಬಂದು ಕುಳಿತುಕೊಳ್ಳುತ್ತಿದ್ದರು. ಬಾಲಗಂಗಾಧರ ತಿಲಕರ ಕೇಸರಿ ಪತ್ರಿಕೆ ಇದನ್ನು ಮತಾಂತರದ ಸಂಚೆಂದು ಖಂಡಿಸಿತು. 1893ರಲ್ಲಿ ರಾನಡೆ ಮತ್ತು ಭಂಡಾರ್ಕರ್ ಸಲಹಾಸಮಿತಿಗೆ ರಾಜೀನಾಮೆ ನೀಡಿದರು, ಪಾಲಕರು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಹಿಂದಕ್ಕೆ ಕರೆದೊಯ್ದರು. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಲು ರಮಾಬಾಯಿ ಒಪ್ಪಲಿಲ್ಲ. ಪ್ರಾರ್ಥನೆಗೆ ಯಾರನ್ನೂ ಬಲವಂತಪಡಿಸಿಲ್ಲ, ಬಂದವರನ್ನು ಹೊರಗಟ್ಟುವುದೂ ಇಲ್ಲ ಎಂಬುದು ಅವರ ವಾದವಾಗಿತ್ತು. ಆಶ್ರಯದಾತೆಯ ನಡೆನುಡಿಯೇ ಅನಾಥ ವಿಧವೆಯರ ಮೇಲೆ ಪ್ರಭಾವ ಬೀರುವುದಿಲ್ಲವೇ ಎಂಬ ಟೀಕಾಕಾರರ ಪ್ರಶ್ನೆಯಲ್ಲಿಯೂ ಹುರುಳಿತ್ತು. ಸುಧಾರಕರ ವಲಯದೊಂದಿಗಿನ ಅವರ ನಂಟು ಈ ಪ್ರಸಂಗದ ನಂತರ ಮೊದಲಿನಂತಾಗಲಿಲ್ಲ.

ಮುಕ್ತಿ ಸದನ

ಅಮೆರಿಕದ ನೆರವು ಹತ್ತು ವರ್ಷಕ್ಕೆ ಮುಗಿಯುವುದೆಂದು ತಿಳಿದಿದ್ದ ರಮಾಬಾಯಿ, ಹಣ್ಣಿನ ತೋಟದಿಂದ ಆದಾಯ ಗಳಿಸುವ ಯೋಜನೆಯಲ್ಲಿ ಪುಣೆಯಿಂದ ಸುಮಾರು 55 ಕಿಲೋಮೀಟರ್ ದೂರದ ಕೇಡಗಾಂವದಲ್ಲಿ ನೂರು ಎಕರೆ ಜಮೀನು ಕೊಂಡಿದ್ದರು. 1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಭೀಕರ ಕ್ಷಾಮ ತಲೆದೋರಿತು. ಅಸೋಸಿಯೇಷನ್ನಿನ ಹಣ ಶಾರದಾ ಸದನದ ವಿಧವೆಯರಿಗೆ ಮೀಸಲು; ಕ್ಷಾಮಪೀಡಿತರಿಗೆ ಖರ್ಚು ಮಾಡಲು ಅವರ ಬಳಿ ಏನೂ ಇರಲಿಲ್ಲ. ಆದರೆ ಇಪ್ಪತ್ತೆರಡು ವರ್ಷಗಳ ಹಿಂದೆ ತಾವು ಇದ್ದ ಸ್ಥಿತಿಯಲ್ಲಿಯೇ ಹುಡುಗಿಯರು ರಸ್ತೆಬದಿಯಲ್ಲಿ ಬಿದ್ದಿರುವ ಸುದ್ದಿ ಕೇಳಿ ಸುಮ್ಮನಿರಲಾಗಲಿಲ್ಲ. ಪರಿಹಾರ ಶಿಬಿರಗಳಲ್ಲಿ ಹೆಂಗಸರ ಮೇಲೆ ನಡೆಯುತ್ತಿದ್ದ ದೌರ್ಜನ್ಯವನ್ನು ಕಣ್ಣಾರೆ ಕಂಡು, ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು.

ಆಗಲೇ ಪುಣೆಯಲ್ಲಿ ಪ್ಲೇಗು ಕಾಣಿಸಿಕೊಂಡಿತ್ತು. ಅಷ್ಟು ಜನರನ್ನು ನಗರದಲ್ಲಿ ಇರಿಸಿಕೊಳ್ಳಲು ಅಧಿಕಾರಿಗಳು ಅನುಮತಿಸದ ಕಾರಣ ಎಲ್ಲರನ್ನೂ ಕೇಡಗಾಂವದ ಬಯಲಿಗೆ ಸಾಗಿಸಿ ಗುಡಿಸಲುಗಳಲ್ಲಿ ಇರಿಸಬೇಕಾಯಿತು. ಪ್ಲೇಗು ಶಿಬಿರಕ್ಕೆ ಒಯ್ಯಲಾದ ತಮ್ಮ ಹುಡುಗಿಯೊಬ್ಬಳಿಗೆ ಆದ ಅನ್ಯಾಯದ ಬಗ್ಗೆ 1897ರಲ್ಲಿ ಅವರು ಪತ್ರಿಕೆಗೆ ಬರೆದ ಪತ್ರ ಬ್ರಿಟಿಷ್ ಸಂಸತ್ತಿನವರೆಗೆ ಚರ್ಚೆಯಾಯಿತು. ದೇವರನ್ನು ನೆಚ್ಚಿಕೊಂಡವರು ಸರ್ಕಾರವನ್ನು ಪ್ರಶ್ನಿಸಬಾರದೆಂದು ಅವರು ಎಂದೂ ಭಾವಿಸಿರಲಿಲ್ಲ.

ಹೀಗೆ ರೂಪುಗೊಂಡ ಸಂಸ್ಥೆಯೇ ಮುಕ್ತಿ. ಶಾರದಾ ಸದನದಲ್ಲಿದ್ದವರು ಬಹುಪಾಲು ಮೇಲ್ಜಾತಿಯ ವಿಧವೆಯರು. ಮುಕ್ತಿಯಲ್ಲಿ ಜಾತಿಯ ಎಣಿಕೆ ಉಳಿಯಲಿಲ್ಲ. 1900ರಲ್ಲಿ ಗುಜರಾತ್ ಮತ್ತು ರಾಜಪುತಾನಗಳ ಕ್ಷಾಮದಿಂದ ಇನ್ನಷ್ಟು ಮಂದಿ ಬಂದು, ನಿವಾಸಿಗಳ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಏರಿತು. ಶೋಷಿತ ಸ್ತ್ರೀಯರಿಗಾಗಿ ಕೃಪಾ ಸದನ, ವೃದ್ಧೆಯರಿಗಾಗಿ ಪ್ರೀತಿ ಸದನ, ಅಂಧರಿಗಾಗಿ ಇನ್ನೊಂದು ಮನೆ ಹುಟ್ಟಿಕೊಂಡವು. ನೇಯ್ಗೆ, ಹೈನು, ಬೇಸಾಯ, ಎಣ್ಣೆಗಾಣ, ಬಟ್ಟೆ ಒಗೆಯುವುದು, ಅಚ್ಚುಮೊಳೆ ಜೋಡಿಸುವುದು ಮುಂತಾದ ಕಸುಬುಗಳನ್ನು ಕಲಿಸಲಾಗುತ್ತಿತ್ತು. ಮುದ್ರಣಾಲಯವನ್ನು ಹೆಂಗಸರೇ ನಡೆಸುತ್ತಿದ್ದರು.

ಇಷ್ಟು ಜನರ ಊಟದ ವೆಚ್ಚಕ್ಕೆ ನಿಶ್ಚಿತ ಆದಾಯವಿರಲಿಲ್ಲ. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಚಂದಾ ಎತ್ತದೆ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್ ಮತ್ತು ಚೀನಾದ ಮಿಷನರಿ ಹಡ್ಸನ್ ಟೇಲರ್ ಅವರ ಜೀವನಚರಿತ್ರೆಗಳನ್ನು ಓದಿದ್ದ ರಮಾಬಾಯಿ, ಅಗತ್ಯವನ್ನು ದೇವರಿಗೆ ಅರಿಕೆಮಾಡಿ ಕಾಯುವ ಕ್ರಮವನ್ನು ಅನುಸರಿಸಿದರು. ಕಾಣಿಕೆಗಳು ಹಲವು ದೇಶಗಳಿಂದ ಬಂದವು. ಮುಕ್ತಿ ಪ್ರೇಯರ್ ಬೆಲ್ ಎಂಬ ಅವರ ಪತ್ರಿಕೆ ಸಂಸ್ಥೆಯ ಸ್ಥಿತಿಗತಿಯನ್ನು ಓದುಗರಿಗೆ ತಿಳಿಸುತ್ತಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಕಾಯುವುದೆಂದರೆ ಕೈಕಟ್ಟಿ ಕೂರುವುದಾಗಿರಲಿಲ್ಲ. ಕ್ಷಾಮದ ವರ್ಷ ಸುತ್ತಮುತ್ತಲ ನೀರು ಬತ್ತಿದಾಗ, ಸಂಜೆಗೆ ಬರಿದಾಗುತ್ತಿದ್ದ ಮುಕ್ತಿಯ ಬಾವಿಗಳಲ್ಲಿ ಬೆಳಗಾಗುವಷ್ಟರಲ್ಲಿ ಮತ್ತೆ ನೀರು ಊರಿರುತ್ತಿತ್ತೆಂದು ಮಿಷನರಿ ಲೇಖಕರು ದಾಖಲಿಸಿದ್ದಾರೆ. ಅವರು ಇದನ್ನು ಪ್ರಾರ್ಥನೆಯ ಫಲವೆಂದು ಕಂಡರು. ಬಾವಿ ತೋಡಿಸುವ ಕೆಲಸವನ್ನಂತೂ ರಮಾಬಾಯಿ ಸ್ವತಃ ನಿಂತು ಮಾಡಿಸಿದ್ದರು.

1905ರ ಆರಂಭದಲ್ಲಿ ಉಜ್ಜೀವನಕ್ಕಾಗಿ ಪ್ರಾರ್ಥಿಸುವ ಗುಂಪೊಂದು ಮುಕ್ತಿಯಲ್ಲಿ ಸೇರತೊಡಗಿ, ಕ್ರಮೇಣ ಸುಮಾರು 550 ಮಂದಿಗೆ ಬೆಳೆಯಿತು. ಜೂನ್ ಕೊನೆಯಲ್ಲಿ ಕಣ್ಣೀರು, ಪಾಪನಿವೇದನೆ, ಭಾವಾವೇಶಗಳಿಂದ ಕೂಡಿದ ಉಜ್ಜೀವನ ಕಾಣಿಸಿಕೊಂಡಿತು. ಅದನ್ನು ಕುರಿತು ಸಹೋದ್ಯೋಗಿ ಮಿನ್ನಿ ಏಬ್ರಮ್ಸ್ ಬರೆದ ಪುಸ್ತಕದ ಮೂಲಕ ಸುದ್ದಿ ವಿದೇಶಗಳಿಗೂ ಹರಡಿತು. ಪೆಂಟೆಕೋಸ್ಟಲ್ ಚಳವಳಿಯ ಇತಿಹಾಸಕಾರರು ಮುಕ್ತಿಯನ್ನು ಅದರ ಆರಂಭದ ಕೇಂದ್ರಗಳಲ್ಲಿ ಒಂದೆಂದು ಪರಿಗಣಿಸುತ್ತಾರೆ. ಅದ್ಭುತಗಳ ಪ್ರದರ್ಶನದಲ್ಲಿ ರಮಾಬಾಯಿಗೆ ಒಲವಿರಲಿಲ್ಲ, ಆದರೆ ಭಾರತೀಯ ಹೆಣ್ಣುಮಕ್ಕಳು ತಮಗೆ ತೋಚಿದ ರೀತಿಯಲ್ಲಿ ಪ್ರಾರ್ಥಿಸುವುದನ್ನು ತಡೆಯಲು ಅವರು ಒಪ್ಪಲಿಲ್ಲ.

ಬೈಬಲ್ ಅನುವಾದ

ಆಗ ಬಳಕೆಯಲ್ಲಿದ್ದ ಮರಾಠಿ ಬೈಬಲ್ಲಿನ ಭಾಷೆ ಹಳ್ಳಿಯ ಹೆಂಗಸರಿಗೆ ಕಠಿಣವೆಂದು ರಮಾಬಾಯಿ ಭಾವಿಸಿದ್ದರು. ನಲವತ್ತು ದಾಟಿದ ಮೇಲೆ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಅಭ್ಯಸಿಸಿ, ಮೂಲದಿಂದಲೇ ಅನುವಾದಕ್ಕೆ ತೊಡಗಿದರು. ಸಂಸ್ಕೃತವನ್ನೇ ಉಸಿರಾಡಿ ಬೆಳೆದ ವಿದುಷಿ ಸಂಸ್ಕೃತ ಪದಗಳನ್ನು ಆದಷ್ಟು ಬಿಟ್ಟು ಆಡುಮಾತಿನ ಮರಾಠಿಯನ್ನು ಆರಿಸಿಕೊಂಡದ್ದು ಗಮನಾರ್ಹ. ಸುಮಾರು ಹದಿನೆಂಟು ವರ್ಷ ನಡೆದ ಈ ಕೆಲಸದಲ್ಲಿ ಅಚ್ಚುಮೊಳೆ ಜೋಡಣೆಯಿಂದ ಮುದ್ರಣದವರೆಗೆ ಎಲ್ಲವನ್ನೂ ಮುಕ್ತಿಯ ಹೆಂಗಸರೇ ಮಾಡಿದರು. ಸಾಹಿತ್ಯದ ದೃಷ್ಟಿಯಿಂದ ಈ ಅನುವಾದ ವ್ಯಾಪಕವಾಗಿ ಬಳಕೆಗೆ ಬರಲಿಲ್ಲವಾದರೂ, ಒಬ್ಬ ಮಹಿಳೆ ಮೂಲಭಾಷೆಗಳಿಂದ ಇಡೀ ಬೈಬಲನ್ನು ಅನುವಾದಿಸಿದ ಅಪರೂಪದ ನಿದರ್ಶನ ಇದು.

ಮನೋರಮಾ ಮತ್ತು ಕೊನೆಯ ದಿನಗಳು

ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಓದಿ ಬಂದ ಮನೋರಮಾ ತಾಯಿಯ ಬಲಗೈಯಾಗಿ, ಶಾರದಾ ಸದನದ ಮುಖ್ಯಸ್ಥೆಯಾಗಿ ದುಡಿದರು. ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ (ಇಂದಿನ ಕಲಬುರಗಿ) ಶಾಲೆಯೊಂದನ್ನು ಆರಂಭಿಸುವಲ್ಲಿಯೂ ಅವರ ಪಾತ್ರವಿತ್ತು. ರಮಾಬಾಯಿ ತಮ್ಮ ನಂತರ ಮುಕ್ತಿಯ ಹೊಣೆಯನ್ನು ಮಗಳಿಗೇ ವಹಿಸಲು ನಿಶ್ಚಯಿಸಿದ್ದರು. ಆದರೆ 1921ರ ಜುಲೈ 24ರಂದು, ನಲವತ್ತನೆಯ ವಯಸ್ಸಿನಲ್ಲಿ, ಮನೋರಮಾ ತೀರಿಕೊಂಡರು.

ಅಷ್ಟರಲ್ಲಿ ರಮಾಬಾಯಿಯ ಶ್ರವಣಶಕ್ತಿ ಬಹುಮಟ್ಟಿಗೆ ಕುಗ್ಗಿತ್ತು, ಆರೋಗ್ಯ ಕೆಟ್ಟಿತ್ತು. ಅವರು ಶೋಕವನ್ನು ಬಹಿರಂಗವಾಗಿ ತೋರಿಸಿಕೊಳ್ಳದೆ ಬೈಬಲ್ಲಿನ ಕರಡಚ್ಚು ತಿದ್ದುವುದರಲ್ಲಿ ತೊಡಗಿದರು. ಆ ಕೆಲಸ ಮುಗಿದ ಬೆನ್ನಿಗೆ, 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿ ನಿಧನರಾದರು. ಸಂಪೂರ್ಣ ಬೈಬಲ್ ಮುದ್ರಣವಾಗಿ ಹೊರಬಂದದ್ದು 1924ರಲ್ಲಿ.

ಗೌರವಗಳು ಮತ್ತು ನಂತರದ ಅಧ್ಯಯನ

ಬ್ರಿಟಿಷ್ ಸರ್ಕಾರ 1919ರಲ್ಲಿ ಅವರಿಗೆ ಕೈಸರ್-ಇ-ಹಿಂದ್ ಪದಕವನ್ನು ನೀಡಿತ್ತು. ಭಾರತ ಸರ್ಕಾರ 1989ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಅಮೆರಿಕದ ಎಪಿಸ್ಕೋಪಲ್ ಸಭೆ ಏಪ್ರಿಲ್ 5ರಂದು ಅವರನ್ನು ಸ್ಮರಿಸುತ್ತದೆ. ಮತಾಂತರದ ಕಾರಣದಿಂದ ರಾಷ್ಟ್ರೀಯ ಇತಿಹಾಸದಲ್ಲಿಯೂ, ಸ್ವತಂತ್ರ ಮನೋಭಾವದ ಕಾರಣದಿಂದ ಮಿಷನರಿ ಇತಿಹಾಸದಲ್ಲಿಯೂ ಬಹುಕಾಲ ಅಂಚಿನಲ್ಲಿ ಉಳಿದಿದ್ದ ಅವರನ್ನು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಉಮಾ ಚಕ್ರವರ್ತಿ, ಮೀರಾ ಕೊಸಂಬಿ ಮೊದಲಾದ ವಿದ್ವಾಂಸರು ಹೊಸದಾಗಿ ಅಧ್ಯಯನಕ್ಕೆ ಒಳಪಡಿಸಿದರು. ಕೇಡಗಾಂವದ ಮುಕ್ತಿ ಸಂಸ್ಥೆ ಇಂದಿಗೂ ನಿರ್ಗತಿಕ ಸ್ತ್ರೀಯರಿಗೆ ಮತ್ತು ಮಕ್ಕಳಿಗೆ ಆಶ್ರಯ ನೀಡುತ್ತಿದೆ.